ಖಾಲಿ ಚೀಟಿಯ ಕಣಜ

ಧಾನ್ಯದ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಕಾಳು ಹಸನು ಮಾಡಿದ ಹೆಂಗಸಿನ ಒಬ್ಬಳೇ ಮಗಳು ಕೀಟಶಾಸ್ತ್ರ ಓದಲು ಹೊರಟಾಗ ಬೀದಿಯವರು ನಕ್ಕದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. “ತಾಯಿ ಹುಳ ಆರಿಸಿ ಎಸೀತಾಳೆ, ಮಗಳು ಅದನ್ನೇ ಹೆಕ್ಕೊಂಡು ಮನೆಗೆ ತರ್ತಾಳೆ. ಒಳ್ಳೆ ಸಂಸಾರ ಬಿಡಿ,” ಎಂದು ಎದುರುಮನೆಯ ಅಜ್ಜಿ ಹೇಳಿದ ಮಾತು ಸಂಜೆಯೊಳಗೆ ಬೀದಿಯ ಕೊನೆ ಮುಟ್ಟಿತ್ತು. ಅಪ್ಪನ ಕ್ಷೌರದ ಅಂಗಡಿಯಲ್ಲಿ ಅವಳಿಗೆ ‘ಹುಳದ ಡಾಕ್ಟ್ರು’ ಎಂಬ ಹೆಸರು ಬಿತ್ತು. ಗಿರಾಕಿಗಳ ಈ ತಮಾಷೆಯನ್ನು ಅಪ್ಪ ತಡೆಯಲಿಲ್ಲ. ತಡೆಯುವುದಿರಲಿ, ಕನ್ನಡಿಯಲ್ಲಿ ತನ್ನ ನಗುವನ್ನು ತಾನೇ ನೋಡಿಕೊಳ್ಳುತ್ತ, “ಡಾಕ್ಟ್ರು ಅಂದ್ರೆ ಡಾಕ್ಟ್ರೇ ಅಲ್ವಾ ಸಾರ್? ರೋಗಿ ಚಿಕ್ಕದು, ಅಷ್ಟೆ,” ಎನ್ನುತ್ತಿದ್ದ.

ಆದರೆ ಅವಳನ್ನು ಈ ದಾರಿಗೆ ಹಚ್ಚಿದವಳು ಅಮ್ಮನೇ ಎಂಬುದು ಬೀದಿಗೆ ಗೊತ್ತಿರಲಿಲ್ಲ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಕೆಲಸದಿಂದ ಬಂದವಳೇ, ದೂಳಿನ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದ್ದಳು. ಒಳಗೆ ಎಳ್ಳುಕಾಳಿಗಿಂತ ತುಸು ಉದ್ದನೆಯ, ಕಪ್ಪು ಹಸಿರಿನಲ್ಲಿ ಮಿನುಗುವ, ರೆಕ್ಕೆಯುಳ್ಳ ಜೀವವೊಂದು ಸತ್ತು ಬಿದ್ದಿತ್ತು.

“ಇದು ಹುಳ ಅಲ್ಲ ನೋಡು. ಹುಳದ ಹುಳ.”

“ಹಂಗಂದ್ರೆ?”

“ಇದು ಓಡಾಡೋ ಮೂಟೇಲಿ ಕಾಳು ಕೊರೆಯೋ ಮೂತಿಹುಳ ಕಮ್ಮಿ ಇರ್ತವೆ. ಎಷ್ಟೋ ವರ್ಷದಿಂದ ನೋಡ್ತಾ ಇದೀನಿ. ಯಾಕೆ ಅಂತ ನಂಗೊತ್ತಿಲ್ಲ. ನೀನು ಓದಿ ಹೇಳು.”

ಉತ್ತರ ಸಿಗಲು ಹತ್ತು ವರ್ಷ ಹಿಡಿಯಿತು. ಕಾಲೇಜಿನ ಎರಡನೆಯ ವರ್ಷದ ಪಾಠವೊಂದರಲ್ಲಿ, ಕೆಲವು ಪುಟ್ಟ ಕಣಜಗಳು ಕಾಳಿನೊಳಗೆ ಅಡಗಿದ ಮೂತಿಹುಳದ ಮರಿಯನ್ನು ಹುಡುಕಿ ಅದರ ಮೈಮೇಲೆ ಮೊಟ್ಟೆಯಿಡುತ್ತವೆ, ಹೊರಬರುವ ಕಣಜದ ಮರಿ ಆ ಹುಳವನ್ನು ತಿಂದೇ ಬೆಳೆಯುತ್ತದೆ ಎಂದು ಕೇಳಿದ ದಿನ ಅವಳು ಮುಂದಿನ ತರಗತಿಗೆ ಕೂರದೆ ಮನೆಗೆ ಓಡಿದ್ದಳು. ಅಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿ, “ಅಷ್ಟೇನಾ? ನಾನು ಜಗಳ ಆಡಿ ಓಡಿಸ್ತದೆ ಅಂದ್ಕೊಂಡಿದ್ದೆ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಕಾಳಿನ ಒಳಗಿರೋದು ಅದಕ್ಕೆ ಹೊರಗಿಂದ ಹ್ಯಾಗೆ ಕಾಣ್ತದೆ?” ಎಂದು ಕೇಳಿದಳು. ಅದೇ ಪ್ರಶ್ನೆಯನ್ನು ಮಗಳು ಮರುದಿನ ತರಗತಿಯಲ್ಲಿ ಕೇಳಿದಾಗ ಮೇಷ್ಟರು ಮೊದಲ ಬಾರಿಗೆ ಅವಳ ಮುಖವನ್ನು ಗುರುತಿಟ್ಟುಕೊಂಡರು.

ಆ ಮೇಷ್ಟರಿಗೆ ಕಾಲೇಜಿನಲ್ಲಿ ‘ಲೇಬಲ್ ಮೇಷ್ಟ್ರು’ ಎಂದೇ ಹೆಸರು. ಮೂರನೆಯ ಮಹಡಿಯ ಎರಡು ಕೋಣೆಗಳೇ ಅವರ ವಿಭಾಗ. ಒಂದರಲ್ಲಿ ನಾಲ್ಕು ಸೂಕ್ಷ್ಮದರ್ಶಕಗಳು. ಇನ್ನೊಂದರಲ್ಲಿ ನುಸಿಗುಳಿಗೆಯ ವಾಸನೆ, ಮೂವತ್ತಾರು ಖಾನೆಗಳ ಮರದ ಕಪಾಟು, ಖಾನೆಗಳ ತುಂಬ ಪಿನ್ನಿಗೆ ಚುಚ್ಚಿ ಸಾಲಾಗಿ ನಿಲ್ಲಿಸಿದ ಕೀಟಗಳು. ಪ್ರತಿ ಪಿನ್ನಿನಲ್ಲೂ ಕೀಟದ ಕೆಳಗೆ ಹೆಬ್ಬೆರಳ ಉಗುರಿಗಿಂತ ಚಿಕ್ಕದಾದ ಒಂದು ಕಾಗದ. ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು, ಹಿಡಿದವರು ಯಾರು: ಈ ಮೂರು ಸಾಲು. ಸ್ನಾತಕೋತ್ತರದ ಮೊದಲ ದಿನ ಮೇಷ್ಟರು ಅಂಗೈಯಗಲದ, ಕಂಚಿನ ಬಣ್ಣದ ದುಂಬಿಯೊಂದನ್ನು ಎತ್ತಿ ತೋರಿಸಿದರು. ಎಲ್ಲರೂ ಬಾಯಿ ಬಿಟ್ಟು ನೋಡಿದರು. “ಇದಕ್ಕೆ ಲೇಬಲ್ ಇಲ್ಲ. ಆದ್ದರಿಂದ ಇದು ಸತ್ತ ಹುಳ,” ಎಂದರು. ಆಮೇಲೆ ಕಾಲು ಮುರಿದ, ಒಂದು ರೆಕ್ಕೆಯ ಕಂದು ನೊಣವನ್ನು ಹಿಡಿದು, “ಇದಕ್ಕೆ ಇದೆ. ಇದು ಸಾಕ್ಷಿ,” ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು: “ಮೇಷ್ಟ್ರಿಗೆ ಮದುವೆ ಆದಾಗ ಅವರ ಮನೆಯವರಿಗೂ ಒಂದು ಲೇಬಲ್ ಅಂಟಿಸಿರಬೇಕು.” ಅವಳೂ ನಕ್ಕಳು. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು.

ಅದೇ ವರ್ಷ ಅಮ್ಮನ ಉಸಿರು ಕೆಟ್ಟಿತು. ಗೋದಾಮಿನ ದೂಳು ಇಪ್ಪತ್ತೆರಡು ವರ್ಷ ಎದೆಯಲ್ಲಿ ಪದರಪದರವಾಗಿ ಕೂತಿದೆ, ಇನ್ನು ಅಲ್ಲಿಗೆ ಕಾಲಿಡಕೂಡದು ಎಂದು ವೈದ್ಯರು ಹೇಳಿದರು. ಕೈ ಕಟ್ಟಿ ಕೂತು ಗೊತ್ತಿಲ್ಲದ ಹೆಂಗಸು ಮುಂಬಾಗಿಲಿನ ಪಕ್ಕದ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಬೀದಿಯನ್ನೂ ಗೋಡೆಯ ಗಡಿಯಾರವನ್ನೂ ಸರದಿಯಂತೆ ನೋಡತೊಡಗಿದಳು. ಮೂರನೆಯ ದಿನ ಸಂಜೆ ಮಗಳು ಮನೆಗೆ ಬಂದಾಗ ಅಮ್ಮ ಮುಷ್ಟಿ ಬಿಗಿಹಿಡಿದು ಕಾಯುತ್ತಿದ್ದಳು. “ಬೇಗ ಬಾ, ಬೆವರ್ತಾ ಇದೆ.” ಬೆವರುತ್ತಿದ್ದದ್ದು ಕೈ. ಒಳಗಿದ್ದದ್ದು ಕಿಟಕಿಯ ಗಾಜಿಗೆ ಬಡಿದುಕೊಳ್ಳುತ್ತಿದ್ದಾಗ ಹಿಡಿದ ಒಂದು ಪುಟ್ಟ ಕಣಜ.

ಮರುದಿನ ಮಗಳು ಕಾಲೇಜಿನಿಂದ ಬೆರಳುದ್ದದ ಗಾಜಿನ ಸೀಸೆಗಳು, ಸ್ಪಿರಿಟ್ಟು, ಬಣ್ಣ ಬಳಿಯುವ ಸಣ್ಣ ಕುಂಚ ತಂದಳು. ಒದ್ದೆ ಕುಂಚದ ತುದಿ ಮುಟ್ಟಿಸಿದರೆ ಕಣಜ ಅಂಟಿಕೊಳ್ಳುತ್ತದೆ, ಹಾಗೇ ಸೀಸೆಗೆ ಇಳಿಸಬೇಕು. ಜೊತೆಗೆ ತಾರೀಖು, ಜಾಗ ಬರೆದ ಚೀಟಿಯನ್ನೂ ಸೀಸೆಯೊಳಕ್ಕೇ ಹಾಕಬೇಕು; ಹೊರಗೆ ಅಂಟಿಸಿದ್ದು ಉದುರಿಹೋಗುತ್ತದೆ. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಪೆನ್ನಿನ ಶಾಯಿಯನ್ನು ಸ್ಪಿರಿಟ್ಟು ಒಂದೇ ದಿನದಲ್ಲಿ ತೊಳೆದುಬಿಡುತ್ತದೆ. ಇದನ್ನು ನಾಲ್ಕು ಸಲ ಹೇಳಿ, ಒಂದು ಪೆನ್ಸಿಲ್ಲಿಗೆ ದಾರ ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕಿದಳು.

ಅಮ್ಮ ಮೂರನೆಯ ತರಗತಿಯ ಆಚೆ ಓದಿದವಳಲ್ಲ. ಆದರೆ ಕಾಳಿನ ರಾಶಿಯಲ್ಲಿ ಹುಳ ಕಂಡ ಕಣ್ಣು ಗಾಜಿನ ಮೇಲೆ ತಪ್ಪಿಸಿಕೊಳ್ಳಲು ಯಾವುದನ್ನೂ ಬಿಡಲಿಲ್ಲ. ನಾಲ್ಕು ತಿಂಗಳಲ್ಲಿ ನೂರಹನ್ನೆರಡು ಸೀಸೆ ತುಂಬಿದವು. ಪ್ರತಿಯೊಂದರಲ್ಲೂ ವಾಲಿದ ಅಂಕಿಗಳಲ್ಲಿ ತಾರೀಖು, ಕೆಳಗೆ ‘ಕಿಟಕಿ’. ಮೇಷ್ಟರು ಅವುಗಳಲ್ಲಿ ಇಪ್ಪತ್ತನ್ನು ನೋಡಿ ಕನ್ನಡಕ ತೆಗೆದರು. “ಒಂದೇ ಕಿಟಕಿಗೆ ಇಷ್ಟು ಬಗೆ? ಇದನ್ನೇ ನಿನ್ನ ಪ್ರಬಂಧದ ವಿಷಯ ಮಾಡ್ಕೋ.” ಹಾಗೆ ಆಯಿತು. ಪಿನ್ನಿಗೆ ಚುಚ್ಚಲಾರದಷ್ಟು ಚಿಕ್ಕ ಕಣಜಗಳನ್ನು ಅವಳು ತ್ರಿಕೋನದ ಕಾಗದದ ಚೂಪಿಗೆ ಅಂಟಿನ ಒಂದು ಹನಿಯಲ್ಲಿ ಕೂರಿಸಿ, ಕೆಳಗಿನ ಲೇಬಲ್ಲಿನ ಮೂರನೆಯ ಸಾಲಿನಲ್ಲಿ ಅಮ್ಮನ ಪೂರ್ತಿ ಹೆಸರು ಬರೆದಳು. ಒಂದು ಲೇಬಲ್ಲನ್ನು ತೋರಿಸಲು ಮನೆಗೂ ತಂದಳು.

ಅಮ್ಮ ಅದನ್ನು ಭೂತಗನ್ನಡಿಯ ಕೆಳಗೆ ಹಿಡಿದು ಅಕ್ಷರ ಕೂಡಿಸಿ ಓದಿದಳು. “ಇಷ್ಟು ಸಣ್ಣಗೆ ಬರೆದಿದೀಯಲ್ಲೇ, ಯಾರಿಗೆ ಕಾಣ್ಬೇಕು?”

“ಇನ್ನೂರು ವರ್ಷ ಇರ್ತದಮ್ಮ ಅದು.”

“ಏನು, ಹುಳಾನಾ?”

“ಹುಳಾನೂ. ಹೆಸರೂ.”

ಅಮ್ಮ ಒಳಗಿದ್ದ ಅಪ್ಪನನ್ನು ಕೂಗಿ ಕರೆದಳು. “ಏನ್ರೀ, ಬನ್ನಿ ಇಲ್ಲಿ. ನೀವು ತಲೆ ಬೋಳಿಸಿದೋರಲ್ಲಿ ಒಬ್ರಾದ್ರೂ ನಿಮ್ಮ ಹೆಸರು ಬರ್ಕೊಂಡು ತಿರುಗ್ತಾರಾ? ನಾನು ಹಿಡಿದ ಹುಳ ತಿರುಗ್ತದೆ ನೋಡಿ.”

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮನಿಗೆ ಮೆಟ್ಟಿಲು ಹತ್ತುವುದಿರಲಿ, ಮಾತಾಡಿದರೂ ಏದುಸಿರು. ಕಡಲ ಕಡೆಯ ಊರೊಂದರ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದೆಂದು ನಿರ್ಧಾರವಾಯಿತು. ಚಿಕ್ಕಮ್ಮನ ಮನೆಯಿದ್ದದ್ದು ಅಲ್ಲೇ. ಬಸ್ಸಿನಲ್ಲಿ ಎಂಟು ಗಂಟೆಯ ದಾರಿ. ಮಗಳಿಗೆ ಪರೀಕ್ಷೆಗಳಿದ್ದವು, ಅಪ್ಪ, ಚಿಕ್ಕಮ್ಮ ಕರೆದೊಯ್ದರು. ಹೊರಡುವ ಮುನ್ನ ಅಮ್ಮ ಚೀಲದೊಳಕ್ಕೆ ಬಟ್ಟೆಗಳ ನಡುವೆ ಸ್ಪಿರಿಟ್ಟು ತುಂಬಿದ ನಾಲ್ಕು ಸೀಸೆ ಇಡುವುದನ್ನು ಕಂಡು ಮಗಳು ಗದರಿದಳು. “ಹುಷಾರಾಗೋದು ನೋಡ್ಕೋ ಮೊದ್ಲು.”

“ಯಾಕೆ, ಆಸ್ಪತ್ರೇಲಿ ಕಿಟಕಿ ಇರಲ್ವಾ?”

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅಮ್ಮ ತೀರಿಕೊಂಡಳು. ಕೊನೆಯ ಪರೀಕ್ಷೆ ಬರೆಯಲು ಕೊಠಡಿಗೆ ಹೋಗಿದ್ದ ಮಗಳಿಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ. ಅವಳು ಬಸ್ಸಿಳಿದದ್ದು ರಾತ್ರಿ. ಅಷ್ಟರಲ್ಲಿ ಅಮ್ಮನ ಕಣ್ಣನ್ನು ಯಾರೋ ಮುಚ್ಚಿದ್ದರು.

ಚೀಲ ಮನೆಗೆ ಮರಳಿತು. ಏನನ್ನು ಎಲ್ಲಿಡಬೇಕೆಂದು ತೋಚದ ಅಪ್ಪ ಅದರಲ್ಲಿದ್ದ ಸೀಸೆಗಳನ್ನೂ, ಹೊರಡುವ ಮುನ್ನಿನ ವಾರದಲ್ಲಿ ತುಂಬಿ ಕಿಟಕಿಯ ಮೇಲೆ ಉಳಿದಿದ್ದ ಸೀಸೆಗಳನ್ನೂ ಒಂದೇ ಡಬ್ಬಿಗೆ ಹಾಕಿ ಮುಚ್ಚಿಟ್ಟ. ತಿಂಗಳೊಪ್ಪತ್ತು ಅವಳು ಆ ಡಬ್ಬಿಯನ್ನು ಮುಟ್ಟಲಿಲ್ಲ. ಮುಟ್ಟಿದ ದಿನ, ವಿಭಾಗದಲ್ಲಿ ಒಬ್ಬಳೇ ಕೂತು ಒಂದೊಂದನ್ನೇ ಬಿಚ್ಚಿದಳು. ಖಾಲಿ ಉಳಿದಿದ್ದ ಮೂರನ್ನು ಬಿಟ್ಟರೆ ಕಣಜವಿದ್ದವು ಹದಿನಾಲ್ಕು. ಹದಿಮೂರರ ಚೀಟಿಗಳಲ್ಲಿ ಪೆನ್ಸಿಲ್ಲಿನ ವಾಲಿದ ಅಂಕಿಗಳು, ಕೆಳಗೆ ‘ಕಿಟಕಿ’. ಹದಿನಾಲ್ಕನೆಯ ಸೀಸೆಯ ಸ್ಪಿರಿಟ್ಟಿಗೆ ತೆಳು ನೀಲಿ ಬಣ್ಣವಿತ್ತು. ಒಳಗಿನ ಚೀಟಿ ಖಾಲಿ.

ಅದು ಪೆನ್ನಿನಲ್ಲಿ ಬರೆದ ಚೀಟಿ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಮನೆಯ ಕಿಟಕಿಯಲ್ಲಿ ಅಮ್ಮ ಒಮ್ಮೆಯೂ ಪೆನ್ನು ಹಿಡಿದವಳಲ್ಲ ಎಂಬುದೂ ಗೊತ್ತಿತ್ತು. ಆದರೂ, ಪೆನ್ಸಿಲ್ಲಿನ ಮೊನೆ ಮುರಿದ ದಿನವೊಂದು ಇದ್ದಿರಬಹುದಲ್ಲ. ಏಳಲಾರದೆ ಕೈಗೆ ಸಿಕ್ಕ ಪೆನ್ನನ್ನೇ ಎಳೆದುಕೊಂಡಿರಬಹುದಲ್ಲ. ಹಾಗೆ ಅಂದುಕೊಳ್ಳುವುದಕ್ಕೆ ಅಡ್ಡಿಯೇನೂ ಇರಲಿಲ್ಲ, ಅಡ್ಡಿ ಹೇಳುವವರೂ ಇರಲಿಲ್ಲ. ಒಳಗೆ ಕಿತ್ತಳೆ ಹೊಟ್ಟೆಯ, ಮೈಗಿಂತ ಉದ್ದನೆಯ ಬಾಲದ ಕಣಜವೊಂದು ಕಾಲು ಮಡಚಿಕೊಂಡು ಮಲಗಿತ್ತು. ಅಮ್ಮ ಹಿಡಿದದ್ದರಲ್ಲಿ ಒಂದೂ ವ್ಯರ್ಥವಾಗಬಾರದು ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಲೇಬಲ್ಲಿನಲ್ಲಿ ‘ಮನೆಯ ಕಿಟಕಿ’ ಎಂದು ಬರೆದಳು. ಅಮ್ಮ ಊರು ಬಿಟ್ಟ ಹಿಂದಿನ ದಿನದ ತಾರೀಖು ಬರೆದಳು. ಹೆಸರು ಬರೆದಳು. ಖಾಲಿ ಚೀಟಿಯನ್ನು ಮುದುರಿ ಬುಟ್ಟಿಗೆ ಹಾಕಿದಳು.

ಮೇಷ್ಟರ ಕಣ್ಣು ಉಳಿದ ಹದಿಮೂರನ್ನೂ ದಾಟಿ ಅದರ ಮೇಲೆಯೇ ನಿಂತಿತು. ಚಿತ್ರ ತೆಗೆದು, ಇಂಥ ಕಣಜಗಳಲ್ಲೇ ತಲೆ ಬೆಳ್ಳಗಾದ ದೂರದ ತಜ್ಞರೊಬ್ಬರಿಗೆ ಕಳಿಸಿದರು. ಐದು ವಾರಕ್ಕೆ ಉತ್ತರ ಬಂತು. ಅದನ್ನು ಮೇಷ್ಟರು ನಿಂತುಕೊಂಡೇ ಓದಿದರು. ಕಡಲಂಚಿನಲ್ಲಿ ಸಾಮಾನ್ಯವಾದ ಈ ಬಗೆ ಒಳನಾಡಿನಲ್ಲಿ ಈವರೆಗೆ ಎಲ್ಲಿಯೂ ಸಿಕ್ಕಿಲ್ಲ, ಇಷ್ಟು ಎತ್ತರದ ಊರಿನ ಕಿಟಕಿಯೊಂದರಲ್ಲಿ ಸಿಕ್ಕಿರುವುದು ನಿಜವಾದರೆ ಅದರ ನೆಲೆಯ ನಕ್ಷೆಯನ್ನೇ ಹೊಸದಾಗಿ ಬರೆಯಬೇಕಾಗುತ್ತದೆ ಎಂದಿತ್ತು.

“ಲೇಖನ ನೀನೇ ಬರಿ. ನಾನು ತಿದ್ದಿ ಕೊಡ್ತೀನಿ,” ಎಂದರು ಮೇಷ್ಟರು. ಅವರು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. “ಈ ಸಲ ನಮ್ಮಲ್ಲಿ ಸಂಶೋಧನೆಗೆ ಒಂದೇ ಜಾಗ ಇರೋದು. ಮುಂದಿನ ತಿಂಗಳು ಸಂದರ್ಶನ. ಇದು ಕೈಯಲ್ಲಿದ್ರೆ ನಿನ್ನನ್ನ ಯಾರು ಬೇಡ ಅಂತಾರೆ?”

ಕಡಲಂಚು ಎಂಬ ಒಂದೇ ಪದ ಅವಳ ಕಿವಿಯಲ್ಲಿ ಉಳಿದಿತ್ತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು, “ಆಯ್ತು ಸಾರ್” ಎಂಬ ಎರಡು ಪದಗಳಾಗಿ ಹೊರಬಿತ್ತು.

ಸುದ್ದಿಯನ್ನು ಅವಳು ಅಪ್ಪನಿಗೆ ಹೇಳಲಿಲ್ಲ. ಅಂಗಡಿಗೆ ಕ್ಷೌರಕ್ಕೆ ಬಂದ ಕಾಲೇಜಿನ ಗುಮಾಸ್ತ ಹೇಳಿದ. ಹೆಂಡತಿ ಹೋದ ಮೇಲೆ ಗಿರಾಕಿಗಳೊಡನೆ ಲೆಕ್ಕಕ್ಕೆ ತಕ್ಕಷ್ಟೇ ಮಾತಾಡುತ್ತಿದ್ದ ಅಪ್ಪನಿಗೆ ಅಂದಿನಿಂದ ಬಾಯಿ ಬಂತು. ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಅಲುಗಾಡಲಾರದೆ ಕೂತ ಪ್ರತಿಯೊಬ್ಬರೂ ಅದನ್ನು ಕೇಳಿಸಿಕೊಳ್ಳಬೇಕಾಯಿತು. “ನಮ್ಮನೆಯವಳು ಹಿಡಿದ ಹುಳ ಸಾರ್. ಅದರ ಹೆಸರು ಪುಸ್ತಕದಲ್ಲಿ ಬರ್ತದೆ. ಅಲ್ಲ, ಹುಳದ್ದಲ್ಲ, ಅವಳದ್ದು. ಹುಳದ್ದೂ ಬರ್ತದೆ ಅನ್ನಿ.” ರಾತ್ರಿಯೂಟಕ್ಕೆ ಕೂತಾಗ ಮಗಳನ್ನು ಕೇಳುತ್ತಿದ್ದ: “ದಪ್ಪ ಅಕ್ಷರದಲ್ಲಿ ಹಾಕ್ತಾರಾ? ದಪ್ಪಗೆ ಹಾಕೋಕೆ ಹೇಳು.” ಅವಳು ತಲೆಯಾಡಿಸುತ್ತಿದ್ದಳು. ಲೇಖನದ ಮೊದಲ ಪುಟವನ್ನು ಏಳು ಸಲ ಬರೆದು ಏಳು ಸಲ ಹರಿದಿದ್ದಳು.

ತಜ್ಞರ ಉತ್ತರ ಬಂದ ಒಂಬತ್ತನೆಯ ದಿನ ಚಿಕ್ಕಮ್ಮ ಬಂದಳು. ಅಮ್ಮನದೊಂದು ಶಾಲು ಅಲ್ಲೇ ಉಳಿದಿತ್ತು, ಅದನ್ನು ಒಗೆದು ಮಡಚಿ ತಂದಿದ್ದಳು. ಅಳು ಮುಗಿದು, ಮೂಗೊರೆಸಿಕೊಂಡು, ಚಹಾ ಕುಡಿಯುವಾಗ ತಾನಾಗಿಯೇ ಆ ಮಾತಿಗೆ ಬಂದಳು. “ಅಲ್ಲಾ ಕಣೇ, ನಿಮ್ಮಮ್ಮ ಎಂಥ ಹುಚ್ಚಿ ಅಂತೀನಿ. ಮೂಗಿಗೆ ನಳಿಕೆ ಹಾಕಿದಾರೆ, ಕಣ್ಣು ಮಾತ್ರ ಗಾಜಿನ ಮೇಲೆ. ಒಂದಿನ ನನ್ನ ಪೆನ್ನು ಕಸ್ಕೊಂಡು ಅದೇನೋ ಚೀಟಿ ಬರೆದ್ಲು. ಹೊಸ ಪೆನ್ನು. ಇವತ್ತಿನ ತನಕ ವಾಪಸ್ ಬಂದಿಲ್ಲ.”

“ಎಲ್ಲಿ ಚಿಕ್ಕಮ್ಮ? ಆಸ್ಪತ್ರೇಲಾ?”

“ಆಸ್ಪತ್ರೇಲೋ, ನಮ್ಮನೇಲೋ... ಮಧ್ಯದಲ್ಲಿ ಐದು ದಿನ ಮನೆಗೆ ಕಳಿಸಿದ್ರಲ್ಲ. ಬಸ್ಸಲ್ಲೂ ಏನೋ ಹಿಡೀತಿದ್ಲು, ಕಂಡಕ್ಟರ್ ಬೈದಿದ್ದ. ನಂಗೆ ಹ್ಯಾಗೆ ನೆನಪಿರ್ತದೆ? ‘ಮಗಳಿಗೆ ಬೇಕು, ಎಲ್ಲಿದ್ದು ಅಂತ ಸರಿಯಾಗಿ ಬರೀಬೇಕು, ಇಲ್ದಿದ್ರೆ ಬೈತಾಳೆ’ ಅಂತ ಅರ್ಧ ಗಂಟೆ ತಗೊಂಡು ಬರೆದ್ಲು. ಕೈ ನಡುಗ್ತಿತ್ತು ಪಾಪ. ಎರಡು ಸಾಲು ಬರೆಯೋಷ್ಟರಲ್ಲಿ ಬೆವತುಹೋದ್ಲು.”

ಮಗಳು ಲೋಟವನ್ನು ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಮೇಷ್ಟರು ಬಾಗಿಲು ತೆರೆಯುವ ಮೊದಲೇ ಅವಳು ಮೂರನೆಯ ಮಹಡಿಯಲ್ಲಿ ನಿಂತಿದ್ದಳು. ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಮೇಷ್ಟರು ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟು ಕೇಳಿಸಿಕೊಂಡರು. ಅವಳು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಆ ಚೀಟಿ ಎಲ್ಲಿದೆ?”

“ಖಾಲಿ ಇತ್ತಲ್ಲ ಸಾರ್. ಎಸೆದೆ.”

“ಖಾಲಿ ಇರಲಿಲ್ಲ.” ಅವರ ಧ್ವನಿ ಏರಲಿಲ್ಲ. “ಶಾಯಿ ಹೋಗ್ತದೆ, ಒತ್ತು ಹೋಗಲ್ಲ. ಪೆನ್ನು ಒತ್ತಿದ ಗುರುತು ಕಾಗದದಲ್ಲಿ ಹಾಗೇ ಇರ್ತದೆ. ಓರೆ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಇಟ್ಟಿದ್ರೆ ಅಕ್ಷರ ಅಕ್ಷರ ಓದಬಹುದಿತ್ತು. ನನ್ನನ್ನ ಒಂದು ಮಾತು ಕೇಳಿದ್ರೆ ಸಾಕಿತ್ತಮ್ಮ.”

ನಡುಗುವ ಕೈ ಅರ್ಧ ಗಂಟೆ ಒತ್ತಿ ಒತ್ತಿ ಬರೆದ ಎರಡು ಸಾಲು. ಮಗಳಿಗೆಂದು ಅಮ್ಮ ಬರೆದ ಕೊನೆಯ ಅಕ್ಷರಗಳು ಅವು; ಹತ್ತು ಹೆಜ್ಜೆ ಆಚೆ ಸೂಕ್ಷ್ಮದರ್ಶಕವಿದ್ದ ಕೋಣೆಯಲ್ಲಿ ಕೂತು ಅವನ್ನು ಮುದುರಿದವಳು ಅವಳೇ. ಕಸದ ಬುಟ್ಟಿ ಬರಿದಾಗಿ ಎರಡು ತಿಂಗಳಾಗಿತ್ತು. ಅಷ್ಟು ದಿನ ಅಳದೆ ಇದ್ದವಳು ಆಗ ಅತ್ತಳು. ಮೇಷ್ಟರು ಸಮಾಧಾನ ಹೇಳಲು ಬರದವರು. ಬಾಗಿಲು ತೆರೆದು ಕುರ್ಚಿಯೊಂದನ್ನು ಹೊರಗೆ ತಂದಿಟ್ಟು, ತಾವು ಒಳಗೆ ಹೋದರು.

ಸ್ವಲ್ಪ ಹೊತ್ತಾದ ಮೇಲೆ ಅವಳು ಒಳಗೆ ಬಂದು ಕೇಳಿದಳು. “ಬಹುಶಃ ಆಸ್ಪತ್ರೆಯ ಕಿಟಕಿ ಅಂತ ಬರೆಯೋಕಾಗಲ್ವಾ ಸಾರ್?”

“ಬಹುಶಃ ಅನ್ನೋ ಊರು ಯಾವ ನಕ್ಷೆಯಲ್ಲೂ ಇಲ್ಲ.” ಅವರು ಮೇಜಿನ ಮೇಲಿನ ತಜ್ಞರ ಪತ್ರವನ್ನು ಮಡಚಿದರು. “ಅವರಿಗೆ ನಾನೇ ಬರೀತೀನಿ. ಲೇಬಲ್ ಬರೆದವರೇ ತೆಗೀಬೇಕು, ಅದು ಇಲ್ಲಿಯ ಪದ್ಧತಿ.”

ಅವಳು ಖಾನೆ ಎಳೆದು, ಚಿಮುಟದಲ್ಲಿ ಪಿನ್ನು ಹಿಡಿದೆತ್ತಿ, ಲೇಬಲ್ಲನ್ನು ಕೆಳಮುಖವಾಗಿ ಜಾರಿಸಿ ತೆಗೆದಳು. ಅಮ್ಮನ ಹೆಸರಿನ ನಡುವೆ ಪಿನ್ನಿನ ತೂತು. ಗುರುತಿಲ್ಲದ ಕೀಟಗಳನ್ನು ಹಾಕುವ, ಮೊದಲ ವರ್ಷದವರು ಕೈ ಪಳಗಿಸಿಕೊಳ್ಳುವ ರಟ್ಟಿನ ಪೆಟ್ಟಿಗೆ ಕಪಾಟಿನ ಕೆಳಗಿತ್ತು. ಕಿತ್ತಳೆ ಹೊಟ್ಟೆಯ ಕಣಜ ಅದರೊಳಕ್ಕೆ ಹೋಯಿತು. ಉಳಿದ ನೂರಿಪ್ಪತ್ತೈದು ಕಣಜಗಳ ಲೇಬಲ್ಲುಗಳಲ್ಲಿ ಅಮ್ಮನ ಹೆಸರು ಇದ್ದೇ ಇತ್ತು, ಕಪಾಟಿನಲ್ಲೂ ಉಳಿಯಲಿತ್ತು. ಆದರೆ ಅವು ಎಲ್ಲರಿಗೂ ಗೊತ್ತಿದ್ದ ಕಣಜಗಳು, ಯಾರ ಪುಸ್ತಕಕ್ಕೂ ಹೋಗುವಂಥವಲ್ಲ. ಸಂಶೋಧನೆಯ ಜಾಗ ಆ ವರ್ಷ ಚರಂಡಿ ಸೊಳ್ಳೆಗಳ ಮೇಲೆ ಕೆಲಸ ಮಾಡಿದ್ದ ಸಹಪಾಠಿಗೆ ಹೋಯಿತು. ಅವನು ಯೋಗ್ಯನೇ. ಅವಳಿಗೆ ಮೇಷ್ಟರು ಪ್ರಯೋಗಾಲಯದಲ್ಲಿ ತಾತ್ಕಾಲಿಕ ಸಹಾಯಕಿಯ ಕೆಲಸ ಕೊಡಿಸಿ, ಮುಂದಿನ ಸಲ ಜಾಗ ಬಂದಾಗ ಅರ್ಜಿ ಹಾಕು ಎಂದರು. ಮುಂದಿನ ಸಲ ಯಾವಾಗ ಎಂದು ಅವಳು ಕೇಳಲಿಲ್ಲ.

ಅಪ್ಪನಿಗೆ ಹೇಳಿದ್ದು ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ. ಅವನು ಗುಡಿಸುತ್ತಿದ್ದ ಕೂದಲನ್ನು ಮೂಲೆಗೆ ಸೇರಿಸಿ, ಪೊರಕೆ ಹಿಡಿದೇ ಕೇಳಿದ.

“ನೀನು ಹೇಳ್ದೇ ಇದ್ದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?”

“ಇಲ್ಲ.”

“ಮತ್ತೆ?”

ಅವಳಲ್ಲಿ ಇದಕ್ಕೆ ಉತ್ತರವಿತ್ತು. ಎರಡು ವರ್ಷ ಕಲಿತದ್ದೆಲ್ಲ ಆ ಉತ್ತರವೇ. ಆದರೆ ಪೊರಕೆ ಹಿಡಿದು ನಿಂತ ಮನುಷ್ಯನ ಮುಂದೆ ಅದನ್ನು ಆಡಲು ಬಾಯಿ ಬರಲಿಲ್ಲ. ಅಪ್ಪ ಪೊರಕೆಯನ್ನು ಗೋಡೆಗೆ ಒರಗಿಸಿ, “ಊಟ ಮಾಡ್ದ್ಯಾ?” ಎಂದ.

ಹತ್ತು ಹನ್ನೆರಡು ದಿನಗಳ ಮೇಲೆ, ಭಾನುವಾರ, ಅಪ್ಪನಿಗೆ ಬುತ್ತಿ ಕೊಡಲು ಹೋದವಳು ಜನರಿದ್ದರೆಂದು ಬೆಂಚಿನ ಮೇಲೆ ಕೂತಳು. ಕುರ್ಚಿಯಲ್ಲಿ ನಿವೃತ್ತ ಅಂಚೆಯಣ್ಣ, ಕತ್ತಿನವರೆಗೆ ಬಿಳಿ ಬಟ್ಟೆ. ಕಾಯುವವರು ಇನ್ನಿಬ್ಬರು.

“ಏನಯ್ಯಾ, ಮನೆಯವರ ಹೆಸರಿನ ಪುಸ್ತಕ ಬಂತಾ?” ಅಂಚೆಯಣ್ಣ ಕನ್ನಡಿಯೊಳಗಿನಿಂದ ಕೇಳಿದರು. “ನಾನು ಕೆಲಸದಲ್ಲಿ ಇದ್ದಿದ್ರೆ ನಾನೇ ತಂದು ಕೊಡ್ತಿದ್ದೆ.”

ಕತ್ತರಿ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಕನ್ನಡಿಯಲ್ಲಿ ಅಪ್ಪನ ಕಣ್ಣು ಬೆಂಚಿನ ಮೇಲಿದ್ದ ಮಗಳನ್ನು ಮುಟ್ಟಿ, ಅಲ್ಲಿಂದ ಜಾರಿ ಅಂಚೆಯಣ್ಣನ ನೆತ್ತಿಯ ಮೇಲೆ ಇಳಿಯಿತು.

“ಬರ್ತದೆ ಸಾರ್. ಅಂಥದ್ದೆಲ್ಲ ನಿಧಾನ,” ಎಂದ ಅಪ್ಪ. “ತಲೆ ಸ್ವಲ್ಪ ಬಗ್ಗಿಸಿ.”

ಅವಳು ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾಯುತ್ತಿದ್ದವರಲ್ಲಿ ಒಬ್ಬರು ಅವಳ ಕಡೆ ತಿರುಗಿ, “ನೀನೇ ಅಲ್ವಾ ಆ ಹುಳದ ಡಾಕ್ಟ್ರು? ಯಾವಾಗ ಬರ್ತದಂತೆ?” ಎಂದು ಕೇಳಿದರು.

ಕತ್ತರಿಯ ಸದ್ದು ಮತ್ತೆ ನಿಂತಿತು. ಅಪ್ಪ ತಿರುಗಿ ನೋಡಲಿಲ್ಲ.

“ನಿಧಾನ ಆಗ್ತದೆ,” ಎಂದಳು ಅವಳು.